ಡಾಕ್ಟರರ ಪಡಸಾಲೆಯಲ್ಲಿ ಓದಿದ್ದು

೧೪ ಜುಲೈ ೧೯೩೮, ಗುರುವಾರ. ಗೋಕಾಕ.

ಸೋಮವಾರ ಮೂಡಲಗಿಯ ಶಾಲೆಯಲ್ಲಿ ಪಾಠ ಶುರು ಮಾಡಬೇಕು. ಬಿ.ಎ. ಆದರೂ ನಾಲ್ಕು ಜನರ ಎದುರು ನಿಂತರೆ ಎದೆ ಹೊಡೆದುಕೊಂಡು ಉಸಿರು ಕಟ್ಟುವವ ನಾನು. ಎದೆರೋಗವೆಂದು ಅವ್ವ ಎರಡು ವರ್ಷದಿಂದ ಒಂದು ಕೊಡ ನೀರನ್ನೂ ಎತ್ತಗೊಟ್ಟಿಲ್ಲ.

ಡಾಕ್ಟರ್ ನಾಗನೂರರು ಹೋದ ವಾರ ನನ್ನನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ಎದೆಗೆ ನಳಿಗೆ ಇಟ್ಟು ಕೇಳಿ, "ಹೃದಯ ಗಟ್ಟಿ ಐತಿ ತಮ್ಮಾ. ಇದು ಅಂಜಿಕೀ ಬ್ಯಾನಿ. ನೀ ಓಡಿದಷ್ಟೂ ಬೆನ್ನ ಹತ್ತತೈತಿ," ಎಂದರು. ಔಷಧವೆಂದು ಕೊಟ್ಟದ್ದು ವೃತ್ತಪತ್ರಿಕೆ! ಅವರ ಪಡಸಾಲೆಯಲ್ಲಿ ಕಾಯುವ ರೋಗಿಗಳಿಗೆ ದಿನಾ ಅದನ್ನು ಓದಿ ಹೇಳಬೇಕು.

ಮೂರು ದಿನ ಅರ್ಧಕ್ಕೇ ಎದ್ದು ಬಂದೆ. ಇಂದೂ ಧ್ವನಿ ನಡುಗಿದಾಗ ಕುಲಗೋಡದ ಮುದುಕಿ ಶೆಟ್ಟೆವ್ವ ರೇಗಿದಳು: "ಏನ್ರಿ ಮಾಸ್ತರ, ಬಾಯಾಗ ಶೇಂಗಾ ಇಟ್ಕೊಂಡೀರೇನು? ಜ್ವಾಳದ ಧಾರಣಿ ಮತ್ತೊಮ್ಮಿ ಓದ್ರಿ!"

ಎಲ್ಲರೂ ನಕ್ಕರು. ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ, ಮತ್ತೆ ಓದಿದೆ. ಜೋಳ ಮುಗಿದು ಹತ್ತಿಯ ಧಾರಣೆಗೆ ಬರುವಷ್ಟರಲ್ಲಿ ಎದೆಯ ಹೊಡೆತ ತಾನಾಗಿಯೇ ಇಳಿದಿತ್ತು. ಅದು ಹಾಗೆ ಇಳಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇಳಿಯುವವರೆಗೆ ನಾನೆಂದೂ ನಿಂತವನಲ್ಲ.

ಸೋಮವಾರವೂ ಹೊಡೆತ ಏರೀತು. ಏರಲಿ, ಕರಿಹಲಗೆಯ ಮುಂದೆ ನಿಂತೇ ಕಾಯುತ್ತೇನೆ. ಹುಡುಗರಿಗೆ ಮೊದಲು ಏನು ಓದಿಸಲಿ? ಪದ್ಯವೋ, ಇಲ್ಲ ಒಂದು ನಗಿಸುವ ಕಥೆಯೋ... ನಿದ್ದೆಗೆ ಕಣ್ಣು ಎಳೆಯುತ್ತಿದೆ.