ಹದಿನೆಂಟನೇ ತಾರೀಖಿನ ಮುಹೂರ್ತ

ರಾಲಿ, ನಾರ್ತ್ ಕ್ಯಾರೊಲೈನಾ
ಫೆಬ್ರವರಿ 9, 2025, ಭಾನುವಾರ

ನನ್ನ ಮುದ್ದಿನ ಮೈಥಿಲಿ ಅಕ್ಕಾ,

ಫೋನ್ ಮಾಡಿದ್ದರೆ ಸಾಕಿತ್ತು, ಪೋಸ್ಟಲ್ಲಿ ಕಾಗದ ಯಾಕೆ ಅಂತ ನಗುತ್ತೀಯ. ರೆಸ್ಟನ್‌ನ ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರ್‌ನಲ್ಲೇ ಇರುತ್ತೆ ಅಕ್ಕ. ನಾನು 'ಹಲೋ' ಅಂದರೆ ಯಶವಂತ ಭಾವ, ನಿಮ್ಮ ಅತ್ತೆ ಜಯತ್ತೆ, ಕುಕ್ಕರ್, ಎಲ್ಲರೂ ಉತ್ತರ ಕೊಡುತ್ತಾರೆ. ಇದು ನಿನಗೊಬ್ಬಳಿಗೇ ಹೇಳಬೇಕಾದ ಮಾತು. ಧಾರವಾಡದ ಹಾಸ್ಟೆಲ್‌ನಲ್ಲಿ ಏಳು ವರ್ಷ ಪ್ರತಿ ಭಾನುವಾರ ಪತ್ರ ಬರೆದ ಕೈ ಇದು. ಬಾಯಿಗೆ ಬರದ ಧೈರ್ಯ ಇದಕ್ಕೆ ಬರುತ್ತದೆ.

ಕ್ಯಾಲ್ಕುಲಸ್ ಟೆಸ್ಟ್ ಚೆನ್ನಾಗಿ ಆಯಿತು. ಸುಳ್ಳು. ಅರ್ಧ ಪೇಪರ್ ಮಾತ್ರ ಬರೆದೆ, ಉಳಿದ ಹೊತ್ತು ನಿನ್ನ ಬಸಿರಿನ ವಾರಗಳನ್ನು ಎಣಿಸುತ್ತಾ ಕೂತಿದ್ದೆ. ಮಾರ್ಚ್ ಹದಿನಾಲ್ಕಕ್ಕೆ ಹುಟ್ಟಬೇಕಾದ ಮಗು ಈ ಹದಿನೆಂಟಕ್ಕೇ ಹುಟ್ಟಿದರೆ, ಮೂವತ್ತಾರು ವಾರ, ನಾಲ್ಕು ದಿನ.

ಹೊಸ ಅಧ್ಯಕ್ಷರು ಮೊದಲ ದಿನವೇ ಒಂದು ರಾಶಿ ಆದೇಶಗಳಿಗೆ ಸಹಿ ಹಾಕಿದರಲ್ಲ, ಅದರಲ್ಲಿ ನಮ್ಮದೂ ಒಂದಿತ್ತು: ಅಪ್ಪ ಅಮ್ಮ ಇಬ್ಬರೂ ನಿಮ್ಮ ಹಾಗೆ ವೀಸಾ ಮೇಲಿದ್ದರೆ, ಇನ್ನು ಮೂವತ್ತು ದಿನ ಕಳೆದ ಮೇಲೆ ಇಲ್ಲಿ ಹುಟ್ಟುವ ಮಗು ಇಲ್ಲಿಯ ಪ್ರಜೆಯಲ್ಲ. ಮಾರನೇ ದಿನ ಯಾರೋ ಭಾವನಿಗೆ ಲೆಕ್ಕ ಹಾಕಿ ಮೆಸೇಜ್ ಕಳಿಸಿದ್ದರಲ್ಲ, 'ಹತ್ತೊಂಬತ್ತರ ಒಳಗೆ ಡೆಲಿವರಿ ಆದರೆ ಸೇಫ್' ಅಂತ? ಆಫೀಸಿನ ಯಾರೋ ಅಂದುಕೊಂಡಿದ್ದೀಯ. ನಾನು ಅಕ್ಕ. ಕ್ಯಾಲೆಂಡರ್ ಮೇಲೆ ಕೆಂಪು ಸುತ್ತು ಹಾಕಿ ಫೋಟೋ ತೆಗೆದು ಕಳಿಸಿದವಳು ನಾನೇ. ನನ್ನ ಹೆಸರು ಹೇಳಬೇಡಿ ಅಂತ ಭಾವನಿಗೆ ಕೇಳಿಕೊಂಡವಳೂ ನಾನೇ.

ಹಾಸ್ಟೆಲ್ ಬುದ್ಧಿ. ಹೊಸ ವಾರ್ಡನ್ ಬಂದ ವಾರ ನೋಟೀಸ್ ಬೋರ್ಡ್ ತುಂಬಿ ಹೋಗುತ್ತಿತ್ತು. ತಲೆಗೆ ಎಣ್ಣೆ ಇಂತಿಷ್ಟೇ, ದೀಪ ಇಂತಿಷ್ಟು ಹೊತ್ತಿಗೆ. ನಾನು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಹೆದರಿ ಊಟ ಬಿಡುತ್ತಿದ್ದೆ. ಅಡಿಗೆಯ ಬಸವ್ವ ತಟ್ಟೆಗೆ ರೊಟ್ಟಿ ಹಾಕುತ್ತಾ ಹೇಳುತ್ತಿದ್ದಳು, "ನೋಟೀಸ ಹಚ್ಚಲಿ ತಗೋಳವ್ವಾ, ಅಕಿಗೆ ಹೊಸಾ ನೌಕರಿ ಐತಿ. ನೀ ಉಣ್ಣು ಮೊದ್ಲ." ತಿಂಗಳು ಕಳೆಯುವಷ್ಟರಲ್ಲಿ ಅರ್ಧ ನೋಟೀಸು ಅಲ್ಲಿರುತ್ತಿರಲಿಲ್ಲ. ಅರ್ಧ ಇರುತ್ತಿದ್ದವು, ಅದೂ ನಿಜ. ಆದರೆ ಊಟ ಬಿಟ್ಟವಳು ನಾನೊಬ್ಬಳೇ.

ಜಯತ್ತೆಯ ಮೇಲೆ ನನಗೆ ಕೋಪವಿಲ್ಲ. ಮಗ ಒಂದು ಗಡುವು ಹೇಳಿದ, ಅವರು ಮೈಸೂರಿನ ಜೋಯಿಸರಿಗೆ ಫೋನ್ ಮಾಡಿ ಅದರೊಳಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಲು ಒಂದು ಮುಹೂರ್ತ ಹುಡುಕಿದರು, ಅಷ್ಟೇ. ಆವತ್ತು ಭಾವ ಪ್ರಾಣ ಬಿಡುವ ಇಲ್ಲಿಯ ಫುಟ್‌ಬಾಲ್ ಟೀಮಿನ ದೊಡ್ಡ ಮ್ಯಾಚ್. ಹಿಂದಿನ ಎರಡು ಮ್ಯಾಚ್ ಗೆದ್ದಾಗ ನಾನು ವಿಡಿಯೋ ಕಾಲ್‌ನಲ್ಲಿದ್ದೆ ಅಂತ ಮೂರನೆಯದಕ್ಕೂ ಕೂರಿಸಿದ್ದರು. ಆಟದ ಮಧ್ಯೆ ಹಿಂದಿನಿಂದ ಅತ್ತೆಯ ದನಿ: "ಹದಿನೆಂಟು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಸ್ವಾತಿ ನಕ್ಷತ್ರ, ತುಂಬಾ ಚೆನ್ನಾಗಿದ್ಯಂತೆ!" ನೀನು "ಹೂಂ ಅತ್ತೆ" ಅಂದೆ. ಹಾಗಂದು ನೀನು ಟೀವಿ ಕಡೆ ತಿರುಗಿದೆ. ನಿನ್ನ ಮುಖ ನೋಡಲಾಗದೆ ನಾನು ಕಾಲ್ ಕಟ್ ಮಾಡಿದೆ. ಟೀಮ್ ಸೋತಿತು. "ನಮ್ಮ ಡಿಫೆನ್ಸ್ ನಿದ್ದೆ ಮಾಡಿದ್ದೇ ನಿನ್ನಿಂದ" ಎಂದು ಭಾವ ಇನ್ನೂ ರೇಗಿಸುತ್ತಾರೆ. ವೈಫೈ ಹೋಯಿತು ಅಂದಿದ್ದೇನೆ.

ನಿಮ್ಮ ಡಾಕ್ಟರ್ ಆಗಲ್ಲ ಅಂದಾಯಿತು. ಮಗುವಿಗೆ ಇನ್ನೂ ಟೈಮ್ ಬೇಕು, ಕಾರಣವಿಲ್ಲದೆ ಆಪರೇಷನ್ ಮಾಡೋದಿಲ್ಲ ಅಂದರು. ಈಗ ಶುಕ್ರವಾರ ಇನ್ನೊಬ್ಬ ಡಾಕ್ಟರನ್ನು ಕೇಳಲು ಹೊರಟಿದ್ದೀರಿ. ನಿನಗೆ ಬೇಕಾ ಅಂತ ಮೊನ್ನೆ ಕೇಳಿದ್ದಕ್ಕೆ ನೀನು ಬೇರೆಯೇ ಏನೋ ಹೇಳಿದೆ: "ಒಳಗೆ ಒದೆಯೋಕೆ ಇನ್ನೂ ಜಾಗ ಇದೆ ಕಣೇ ಮಧು, ಖುಷಿಯಾಗಿದೆ ಅದು." ಅದೇ ಉತ್ತರ ಅಕ್ಕ. ಅದನ್ನೇ ಶುಕ್ರವಾರದ ಮುಂಚೆ ಭಾವನಿಗೆ ಜೋರಾಗಿ ಹೇಳು.

ಒಪ್ಪದಿದ್ದರೆ ಅವರ ಆಟದ ಭಾಷೆಯಲ್ಲೇ ಹೇಳು. ಹನ್ನೆರಡು ವರ್ಷದ ಹಿಂದೆ ಅವರ ಟೀಮಿನವರು ಮೊಣಕಾಲು ವಾಸಿಯಾಗದ ಹುಡುಗನನ್ನು ಸೀಸನ್ ಕೊನೆಯ ಪ್ಲೇಆಫ್‌ಗೆ ಇಳಿಸಿದರಂತಲ್ಲ, ಅವನ ಆಟವೇ ಹೋಯಿತಂತಲ್ಲ. "ಸೋತ್ರೆ ಮುಂದಿನ ಸೀಸನ್ ಇರ್ತಿತ್ತು, ಕಾಯ್ಬಾರ್ದಾಗಿತ್ತಾ!" ಅಂತ ಭಾವ ಪ್ರತಿ ಸಲ ಊಟದ ತಟ್ಟೆ ಮುಂದೆ ಸಂಕಟಪಡುತ್ತಾರೆ. ಕಾಯೋದು ಗೊತ್ತಿರುವ ಮನುಷ್ಯ ಅಕ್ಕ. ಸೆಪ್ಟೆಂಬರ್‌ನಲ್ಲಿ ಮಗುವಿಗೆ ಪುಟ್ಟ ಜೆರ್ಸಿ ಹಾಕಿ ಮೊದಲ ಮ್ಯಾಚಿಗೆ ಎತ್ತಿಕೊಂಡು ಹೋಗಬೇಕು ಅನ್ನುವುದು ಅವರ ಆಸೆ. ಮಗು ಗಟ್ಟಿಯಾಗಿದ್ದರೆ ತಾನೇ?

ಕಳೆದ ಬುಧವಾರ ಮೇರಿಲ್ಯಾಂಡ್‌ನ ಜಡ್ಜ್ ಒಬ್ಬರು ಆ ಆದೇಶವನ್ನು ದೇಶಕ್ಕೆಲ್ಲ ತಡೆದಿದ್ದಾರೆ. ಮುಂದೆ ಏನಾಗುತ್ತೋ ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ಈ ಸಲ ಲೆಕ್ಕ ಹಾಕಿ ಕಳಿಸುವುದೂ ಇಲ್ಲ. ಕಾಗದ ಪತ್ರಕ್ಕೆ ಓಡಾಡಲು ನಾವೆಲ್ಲ ಇದ್ದೇವೆ. ಉಸಿರಾಡುವುದನ್ನು ಮಾತ್ರ ಮಗುವಿನ ಪರವಾಗಿ ಯಾರೂ ಮಾಡಲಾಗುವುದಿಲ್ಲ.

ಬೈಯಬೇಕು ಅನ್ನಿಸಿದರೆ ಬೈ. ಮಾರ್ಚ್‌ನಲ್ಲಿ ಸ್ಪ್ರಿಂಗ್ ಬ್ರೇಕ್‌ಗೆ ಬರುತ್ತೇನೆ, ಎದುರಿಗೇ ಬೈಯಬಹುದು.

ನಿನ್ನ ಹೆದರುಪುಕ್ಕಲಿ ತಂಗಿ,
ಮಧುರಾ

ಇನ್ನೊಂದು ಮಾತು: ಸ್ಟ್ಯಾಂಪ್ ಅಂಟಿಸುವಾಗ ಭಾವನ ಫೋನ್ ಬಂತು. ಸ್ಪೀಕರ್ ಇರಲಿಲ್ಲ. ಗ್ಯಾರೇಜಿನಲ್ಲಿ, ಕಾರೊಳಗೆ ಕೂತು ಮಾತಾಡುತ್ತಿದ್ದರು. "ಮಧು, ನಿಮ್ಮಕ್ಕಂಗೆ ಹದಿನೆಂಟೇ ಬೇಕು ಅನ್ಸುತ್ತೆ ಕಣೇ, ಒಂದ್ ಸಲಾನೂ ಬೇಡ ಅಂದಿಲ್ಲ. ನಂಗೇ ಭಯ ಆಗ್ತಿದೆ. ಬೇಡ ಅಂತ ಅವಳಿಗೆ ಹೇಗ್ ಹೇಳ್ಲಿ?" ನಿನಗೆ ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದಾರೆ. ಹಾಗಾಗಿ ನಿನಗೆ ಏನೂ ಗೊತ್ತಿಲ್ಲ. ಸಂಜೆ ಆಫೀಸಿನಿಂದ ಬಂದು ಅವರು ಕಾರಿಂದ ಇಳಿಯುವುದು ತಡವಾದರೆ, ನೀನೇ ಹೋಗಿ ಬಾಗಿಲು ತೆಗೆದು ಪಕ್ಕದಲ್ಲಿ ಕೂತುಕೋ.