ನೀರು ಬಿಟ್ಟು ಸರೋವರ ನೋಡುವ ನಮ್ಮಕ್ಕ

ಪ್ರವಾಸೋದ್ಯಮ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ನೀವು ಕ್ಷೇಮವೇ? ನಿಮ್ಮ ತಾಯಿ, ಅಕ್ಕತಂಗಿಯರು, ಮನೆಯವರು ಎಲ್ಲರೂ ಸೌಖ್ಯವೇ? ಹೆಂಗಸರನ್ನೇ ಆರಿಸಿ ವಿಚಾರಿಸಲು ಕಾರಣವಿದೆ. ನೀವು ಅಚ್ಚು ಹಾಕಿಸಿರುವ ಬೆಟ್ಟದ ದಾರಿಯ ನಕ್ಷೆಯಲ್ಲಿ ಸೂರ್ಯ ಹುಟ್ಟುವುದನ್ನು ನೋಡುವ ಜಾಗವಿದೆ, ಮುಳುಗುವುದನ್ನು ನೋಡುವ ಜಾಗವಿದೆ, ಫೋಟೊಗೆ ಎಲ್ಲಿ ನಿಲ್ಲಬೇಕೆಂಬುದೂ ಇದೆ. ಶೌಚಾಲಯ ಎಲ್ಲಿದೆ ಎಂಬುದೊಂದೇ ಇಲ್ಲ. ಅಚ್ಚಿಗೆ ಕೊಡುವ ಮೊದಲು ಮನೆಯಲ್ಲಿ ಒಮ್ಮೆ ತೋರಿಸಿದ್ದರೆ ಸಾಕಿತ್ತಲ್ಲವೇ?

ನಾನು ಟೈಲರ್. ನಾವು ಮೂವರೂ ಆ ದಾರಿಯಲ್ಲಿ ಹೋಗಿಬರೋಣವೆಂದು, ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಭಾವ ನಕ್ಷೆ ಹಾಸಿದರು. ಬಸ್ಸು ಓಡಿಸಿ ನಿವೃತ್ತರಾದವರು, ದಾರಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನನ್ನ ಡಬ್ಬಿಯಿಂದ ಬಟನ್ ತೆಗೆದು ಬೆಟ್ಟಕ್ಕೆ ಹಸಿರು, ಸರೋವರಕ್ಕೆ ನೀಲಿ, ಬಿಸಿನೀರಿನ ಬುಗ್ಗೆಗೆ ಕೆಂಪು ಎಂದು ಜೋಡಿಸುತ್ತ ಹೋದರು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಳು.

"ಎಲ್ಲಾ ಸರಿ. ಹೆಂಗಸ್ರು ಇಳಿಯೋದೆಲ್ಲಿ?"

ಭಾವ ಕನ್ನಡಕ ಒರೆಸಿಕೊಂಡು ಹುಡುಕಿದರು, ನಕ್ಷೆ ಮಗುಚಿಯೂ ನೋಡಿದರು. ಹಿಂಬದಿಯಲ್ಲಿ ನಿಮ್ಮ ನಗುಮುಖ ಬಿಟ್ಟರೆ ಬೇರೇನೂ ಇರಲಿಲ್ಲ.

ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. "ನೀರು ಕುಡೀರಿ, ನೀರು ಕುಡೀರಿ" ಎಂದು ಊರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು. ಅಂಥವಳು ಪ್ರಯಾಣವೆಂದರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ಅವಳೊಬ್ಬಳೇ ಅಲ್ಲ, ಅಳತೆ ಕೊಡಲು ಬರುವ ಹೆಂಗಸರನ್ನೆಲ್ಲ ಕೇಳಿದೆ, ಎಲ್ಲರದೂ ಇದೇ ವ್ರತ. ಹೋದ ವರ್ಷ ನಿಮ್ಮ ದೊಡ್ಡ ಸರೋವರಕ್ಕೆ ಹೋಗಿದ್ದೆವು. ಭಾವ ಮೈಮರೆತು, ಎಷ್ಟು ನೀರು ನೋಡೇ ಎಂದರು. ಅಕ್ಕ ತುಟಿ ಒಣಗಿ, ತಲೆ ತಿರುಗಿ ಮೆಟ್ಟಿಲ ಮೇಲೆ ಕುಳಿತಿದ್ದಳು.

"ನೋಡ್ತಾ ಇದೀನಿ. ನಂಗೆ ನೋಡೋಕೆ ಮಾತ್ರ ತಾನೇ."

ಅಲ್ಲಿ ಶೌಚಾಲಯವೇನೋ ಇತ್ತು. ಬೀಗವೂ ಇತ್ತು. ಬಿಟ್ಟರೆ ಜನ ಗಲೀಜು ಮಾಡುತ್ತಾರೆಂದು ಕಾವಲುಗಾರ ಬೀಗದ ಕೈ ಸಮೇತ ಊಟಕ್ಕೆ ಹೋಗಿದ್ದನಂತೆ. ಬಹಳ ಒಳ್ಳೆಯ ಉಪಾಯ. ಇದೇ ನ್ಯಾಯದಲ್ಲಿ ಸರೋವರಕ್ಕೂ ಒಂದು ಬೀಗ ಜಡಿದರೆ ಅದೂ ಶುಭ್ರವಾಗಿರುತ್ತದೆ.

ಈ ಸಲ ನಿಮ್ಮ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು ಬಲು ವಿನಯದಿಂದ, "ಅಮ್ಮಾ, ನಕ್ಷೇಲಿ ನೋಡೋ ಜಾಗ ಮಾತ್ರ ಹಾಕೋದು" ಎಂದರು. ಸ್ವಾಮಿ, ನಾವೇನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆಯೇ? ಹೊತ್ತಿಗೆ ಕಣ್ಣಿಗೆ ಬಿದ್ದರೆ ಸಾಕು.

ಅಕ್ಕನಿಗೆ ಇರುವುದು ಒಂದೇ ಆಸೆ. ವಾರ್ಡುಗಳಲ್ಲಿ ನಿಂತು ನಿಂತು ಸವೆದ ಕಾಲನ್ನು, ತಾನು ಕಾಯಿಸದ ಬಿಸಿನೀರಿನಲ್ಲಿ ಇಳಿಬಿಟ್ಟು ಕೂರಬೇಕು. ಆದರೆ ಈಗ, ನೀವಿಬ್ಬರೂ ಹೋಗಿಬನ್ನಿ, ನಾನು ಫೋಟೊ ನೋಡುತ್ತೇನೆ ಎನ್ನುತ್ತಿದ್ದಾಳೆ. ಅವಳು ಬರದೆ ಕಾರಿನ ಕೀಲಿ ಮುಟ್ಟುವುದಿಲ್ಲವೆಂದು ಭಾವ ಮುಖ ಊದಿಸಿಕೊಂಡಿದ್ದಾರೆ. ನಡುವೆ ಸಿಕ್ಕವಳು ನಾನು.

ಆದ್ದರಿಂದ ಆ ದಾರಿಯಲ್ಲಿ ಶೌಚಾಲಯಗಳು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಹಾಕಿಸಿ, ಹಗಲೆಲ್ಲ ಬೀಗ ತೆಗೆಸಿಡಿ. ಹೊಸ ನಕ್ಷೆ ಅಚ್ಚಾಗುವಷ್ಟು ಕಾಲ ಅಕ್ಕನ ಮಂಡಿ ಕಾಯುವುದಿಲ್ಲ. ಸದ್ಯಕ್ಕೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿದರೂ ಆದೀತು. ಬೇಗ ಬರೆಯಿರಿ. ಹೊರಡುವ ಬೆಳಿಗ್ಗೆ ಅಕ್ಕ ಒಂದು ಚೊಂಬು ನೀರು ಗಟಗಟನೆ ಕುಡಿದು ಕಾರು ಹತ್ತುವುದನ್ನು ನಾನು ನೋಡಬೇಕು.

ಇಂತಿ,
ನಿಮ್ಮ ನಕ್ಷೆಯ ಪ್ರಕಾರ ದಾರಿಯಲ್ಲೆಲ್ಲೂ ಇಳಿಯುವ ಅಗತ್ಯವಿಲ್ಲದ
ಒಬ್ಬ ಟೈಲರಮ್ಮ