ವಿಚಾರಣೆಯ ಕೋಣೆಯಲ್ಲಿ ನನ್ನ ಗಂಡ ಆಡಿದ ಒಂದೇ ಮಾತು

ಮಾನ್ಯ ವಲಸೆ ಅಧಿಕಾರಿಗಳೇ,

ಅರ್ಮಿಂದು ತವಾರಿಸ್ ನನ್ನ ಗಂಡನಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಪ್ರಮಾಣ ಸ್ವೀಕರಿಸಿದ ಬಳಿಕ ಆತನೇ ಸ್ವತಃ ಈ ವಿವಾಹವನ್ನು ನಿರಾಕರಿಸಿರುವುದರಿಂದ ನನಗೆ ಕಾಯಂ ವಾಸದ ಹಕ್ಕು ಕೊಡಲು ಬರುವುದಿಲ್ಲ ಎಂಬುದು ನಿಮ್ಮ ಆದೇಶದ ಸಾರಾಂಶ. ಅಂಚೆ ಬಂದಾಗ ನಾನು ಆ ನನ್ನ ಗಂಡನಲ್ಲದ ಮನುಷ್ಯನ ಗಡ್ಡ ಹೆರೆಯುತ್ತಿದ್ದೆ. ಸೋಪು ಮೆತ್ತಿದ ಕೈಯಲ್ಲೇ ಓದಿದೆ. ಓದಿ, ಮಿಕ್ಕ ಅರ್ಧ ಕೆನ್ನೆಯನ್ನೂ ಹೆರೆದು ಮುಗಿಸಿದೆ. ಮದುವೆ ಸುಳ್ಳಾದರೂ ಗಡ್ಡ ಬೆಳೆಯುವುದು ನಿಲ್ಲುವುದಿಲ್ಲವಲ್ಲ.

ನಿಮಗೆ ನೇರವಾಗಿ ಬರೆದದ್ದಕ್ಕೆಲ್ಲ "ತಮ್ಮ ಪತ್ರ ತಲುಪಿದೆ" ಎಂಬ ಉತ್ತರ ತಪ್ಪದೆ ಬಂದಿದೆ. ತಲುಪುವುದೇ ಪತ್ರದ ಪರಮಗುರಿ ಎಂದು ನಂಬಿದವರೊಡನೆ ವಾದಿಸುವ ಚೈತನ್ಯ ನನಗಿಲ್ಲ. ಆದ್ದರಿಂದ ನಮ್ಮ ಬಂದರಿನ ಈ ವಾರಪತ್ರಿಕೆಯಲ್ಲಿ, ಇಲ್ಲಿಗೆ ಬಂದು ನೆಲೆಸಿದ ನಮ್ಮ ದ್ವೀಪದ ಜನರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕಡಲಾಚೆಯ ಫೋಗು ದ್ವೀಪದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು ನಿಮ್ಮ ದೇಶದ ಈ ಬಂದರೂರು ನ್ಯೂ ಬೆಡ್‌ಫರ್ಡಿಗೆ ಬಂದೆ. ಆ ಮಗುವಿನ ನಾಮಕರಣದ ದಿನ ಚರ್ಚಿನ ಅಡುಗೆಮನೆಯಲ್ಲಿ ಒಬ್ಬ ದಪ್ಪ ಮನುಷ್ಯ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಜೋಳ, ಕಾಳು ಹಾಕಿ ಬೇಯಿಸುವ ನಮ್ಮೂರ ಕಚೂಪ ಕುದಿಸುತ್ತಿದ್ದ. ಜೋಳ ಇನ್ನೂ ಬೆಂದಿರಲಿಲ್ಲ, ಆಗಲೇ ಉಪ್ಪು ಸುರಿಯಲು ಹೊರಟಿದ್ದ. ನಾನು ತಡೆದೆ. "ಇಪ್ಪತ್ತು ವರ್ಷದಿಂದ ದೋಣೀಲಿ ಅಡುಗೆ ಮಾಡ್ತಿದೀನಿ, ಒಬ್ಬನೂ ಸತ್ತಿಲ್ಲ" ಅಂದ. "ನಡುನೀರಲ್ಲಿ ನಿನ್ನ ಬಿಟ್ಟು ಎಲ್ಲಿಗೆ ಹೋಗ್ತಾರೆ ಪಾಪ, ತಿಂದಿರ್ತಾರೆ" ಅಂದೆ. ಅವನು ಸೌಟು ಕೆಳಗಿಟ್ಟು ನಕ್ಕ ನಗುವಿಗೆ ಪಾದ್ರಿಗಳೇ ಬಾಗಿಲಿಗೆ ಬಂದು ಇಣುಕಿದರು. ಅರ್ಮಿಂದು ಅಂಥವನು. ಮೀನಿನ ಅಂಗಡಿಗೆ ಹೋದರೆ ಮಾತು ಮುಗಿಸಿ ಬರುವಷ್ಟರಲ್ಲಿ ಮೀನು ಕೆಡುತ್ತಿತ್ತು. ನಾವಿಬ್ಬರೂ ಮೊದಲ ಸಲ ಮದುವೆಯಾಗುವ ವಯಸ್ಸು ದಾಟಿದವರು. ಆದರೂ ಇಬ್ಬರಿಗೂ ಅದು ಮೊದಲನೆಯದೇ ಆಗಿತ್ತು.

ಈ ಮದುವೆಯನ್ನು ಅನುಮಾನಿಸಿದವರಲ್ಲಿ ನೀವು ಮೊದಲಿಗರೇನಲ್ಲ. ಆ ಗೌರವ ನನ್ನ ಗಂಡನ ಅಕ್ಕ ಬೆನ್ವಿಂದಳಿಗೆ ಸಲ್ಲಬೇಕು. ಮದುವೆಯ ಊಟಕ್ಕೆ ಕೂತಾಗಲೇ ನನಗೆ ಕೇಳುವಂತೆ ತಮ್ಮನಿಗೆ ಹೇಳಿದ್ದಳು: "ನಿನ್ನ ಮುಖ ನೋಡಿ ಬಂದಳು ಅಂದ್ಕೊಂಡಿದೀಯಾ? ನಿನ್ನ ಪೌರತ್ವದ ಪೇಪರ್ ನೋಡಿ ಬಂದಿರೋದು ಕಣೋ." ಅರ್ಮಿಂದು ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ಈ ಮುಖಕ್ಕೆ ಪೇಪರಾದರೂ ಇತ್ತಲ್ಲ, ಪುಣ್ಯ" ಅಂದ.

ನನ್ನ ಪರವಾಗಿ ಅವನು ಅರ್ಜಿ ಹಾಕಿದ ಮೇಲೆ ನಿಮ್ಮ ವಿಚಾರಣೆಗೆ ತಯಾರಾಗುವುದೇ ಅವನಿಗೊಂದು ಆಟವಾಯಿತು. ಪಾತ್ರೆ ತೊಳೆಯುತ್ತ ಕೂಗುತ್ತಿದ್ದ: "ಹೇಳು, ನಾನು ಹಾಸಿಗೇಲಿ ಯಾವ ಮಗ್ಗುಲಲ್ಲಿ ಮಲಗ್ತೀನಿ?"

"ನಡುವೆ. ನನಗೆ ಜಾಗಾನೇ ಬಿಡಲ್ಲ."

"ಅಯ್ಯೋ, ಹಂಗಂದ್ರೆ ಸಾಹೇಬರು ನಂಬಲ್ಲ ಮಾರಾಯ್ತಿ. ಎಡಗಡೆ ಅನ್ನು."

ನೀವು ಕರೆಯುವ ಮೊದಲೇ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ಉಳಿದದ್ದು ಒಂದೇ ಪದ: "ನೌ." ನಮ್ಮ ಕ್ರಿಯೋಲು ಭಾಷೆಯಲ್ಲಿ ಅಲ್ಲ, ಇಲ್ಲ, ಬೇಡ, ಎಲ್ಲದಕ್ಕೂ ಅದೇ. ಅವನಿಗೆ ಈಗ ಹೌದು, ಬೇಕು, ನೋವು, ಬಿಸಿಲು ಎನ್ನುವುದಕ್ಕೂ ಅದೇ. ಕಾಫಿ ಬೇಕಾ ಅಂದರೆ "ನೌ" ಎಂದು ಲೋಟ ಮುಂದೆ ಚಾಚುತ್ತಾನೆ. ಮನಸ್ಸಿನಲ್ಲಿ ಸರಿಯಾದ ಪದವಿದೆ, ನಾಲಿಗೆಗೆ ಬರುವಾಗ ಬದಲಾಗಿಬಿಡುತ್ತದೆ ಎಂದು ವೈದ್ಯರು ಬರೆದುಕೊಟ್ಟರು. ಆ ಪ್ರಮಾಣಪತ್ರವನ್ನು ನಿಮಗೆ ಮುಂಚಿತವಾಗಿಯೇ ಕಳಿಸಿದ್ದೆವು. ಅದು ತಲುಪಿತ್ತು ಕೂಡ.

ವಿಚಾರಣೆಯ ದಿನ ನಿಮ್ಮ ಕಿರಿಯ ಅಧಿಕಾರಿ ಬಹಳ ಸೌಜನ್ಯದಿಂದ ನಮ್ಮನ್ನು ಬೇರೆ ಬೇರೆ ಕೂರಿಸಿದರು. ಗಾಲಿಕುರ್ಚಿ ತಳ್ಳಲೆಂದು ಬೆನ್ವಿಂದಳನ್ನು ಮಾತ್ರ ಒಳಗೆ ಬಿಟ್ಟು, ತುಟಿ ಬಿಚ್ಚಬಾರದೆಂದು ಎಚ್ಚರಿಸಿದರು. ಮುಂದಿನದನ್ನು ನಾನು ಅವಳ ಬಾಯಿಂದ ಕೇಳಿದ್ದು. ಹೊರಗೆ ಕಾರಿನ ಹತ್ತಿರ ನಿಂತು ಹೇಳಿದಳು.

"ಮೊದಲು ನಿಮ್ಮ ಹೆಸರು ಅರ್ಮಿಂದು ತವಾರಿಸಾ ಅಂತ ಕೇಳಿದ್ರು. ನೌ ಅಂದ. ನಿಮ್ಮಿಷ್ಟದಿಂದ ಮದುವೆ ಆದ್ರಾ ಅಂದ್ರು. ನೌ ಅಂದ. ಆಮೇಲೆ ನಿನ್ನ ಫೋಟೋ ತೋರಿಸಿ, ಇವರು ನಿಮ್ಮ ಹೆಂಡತಿಯಾ ಅಂದ್ರು ಕಣೇ. ನೌ, ನೌ ಅಂತ ಆ ಫೋಟೋನ ಎಡಗೈಯಲ್ಲಿ ಕಿತ್ಕೊಂಡು ಎದೆಗೆ ಒತ್ಕೊಂಡ. ಬಿಡಿಸೋಕೆ ಆಗಲಿಲ್ಲ. ದಯವಿಟ್ಟು ವಾಪಸ್ ಕೊಡಿ, ಅದು ಕಡತದ್ದು ಅಂತಾರೆ! ನಾನು ಬಾಯಿ ಬಿಟ್ಟೆ. ಹೊರಗೆ ಹೋಗಬೇಕಾಗುತ್ತೆ ಅಂದ್ರು. ಅವನೊಬ್ಬನೇ ಆಗ್ತಾನಲ್ಲ ಅಂತ ಸುಮ್ನಾದೆ. ಸುಮ್ನಾಗಬಾರದಿತ್ತು."

ಒಳಗೆ ಅವನ ಮಾತನ್ನು ಅನುವಾದಿಸಿದ ದುಭಾಷಿ ಪಾಪ ಒಳ್ಳೆಯವನು. ಮೊಗಸಾಲೆಯಲ್ಲಿ ನನ್ನ ಕೈ ಹಿಡಿದು, "ಅಕ್ಕಾ, ಆಡಿದ್ದನ್ನ ಹೇಳೋದಷ್ಟೇ ನನ್ನ ಕೆಲಸ. ಅರ್ಥ ಆದದ್ದನ್ನ ಹೇಳೋ ಹಾಗಿಲ್ಲ" ಅಂದ. ವೈದ್ಯರ ಪ್ರಮಾಣಪತ್ರದ ಮಾತೆತ್ತಿದಾಗ ನಿಮ್ಮ ಅಧಿಕಾರಿ, "ಮಾತು ಅಸ್ಪಷ್ಟ ಎಂದು ಇದರಲ್ಲಿದೆ. ಅವರು ಸ್ಪಷ್ಟವಾಗಿಯೇ ಉತ್ತರಿಸಿದರು" ಎಂದರು.

ಮಾನ್ಯರೇ, ಒಂದು ಸಂದೇಹ ಪರಿಹರಿಸಿ. ನನ್ನ ಗಂಡ ಹೆಂಡತಿಯನ್ನು ಅಲ್ಲ ಎಂದದ್ದು ಸತ್ಯಹೇಳಿಕೆಯಾದರೆ, ಅದೇ ಉಸಿರಿನಲ್ಲಿ ತನ್ನ ಹೆಸರನ್ನೂ ಅಲ್ಲ ಎಂದನಲ್ಲ, ಅದೇನಾಯಿತು? ನಿಮ್ಮ ತರ್ಕದ ಪ್ರಕಾರ ಆ ಕುರ್ಚಿಯಲ್ಲಿ ಕೂತಿದ್ದವನು ಅರ್ಮಿಂದು ತವಾರಿಸನೇ ಅಲ್ಲ. ಹಾಗಾದರೆ ನೀವು ಯಾರ ಹೇಳಿಕೆಯನ್ನು ಬರೆದುಕೊಂಡಿರಿ? ಒಂದು ಅಲ್ಲವನ್ನು ನಂಬಿ ಇನ್ನೊಂದು ಅಲ್ಲವನ್ನು ಕೈಬಿಡಲು ನಿಮ್ಮಲ್ಲಿ ಯಾವ ನಿಯಮವಿದೆ? ಎದೆಗೆ ಒತ್ತಿಕೊಂಡ ಫೋಟೋವನ್ನು ದಾಖಲಿಸಲು ನಿಮ್ಮ ನಮೂನೆಯಲ್ಲಿ ಅಂಕಣ ಇರಲಿಲ್ಲವೇ?

ಮೇಲ್ಮನವಿಗೆ ಪ್ರಯತ್ನಿಸಿದೆವು. ಅರ್ಜಿದಾರ ಅವನೇ ಆದ್ದರಿಂದ ಅವನೇ ಸಹಿ ಮಾಡಬೇಕೆಂದಿರಿ. ಎಡಗೈಯಲ್ಲಿ, ಹಣೆಯಲ್ಲಿ ಬೆವರೊಡೆದು, ನಾಲಿಗೆ ಕಚ್ಚಿಕೊಂಡು ಹಾಕಿದ. ಹಳೆಯ ಸಹಿಗೆ ಹೋಲುತ್ತಿಲ್ಲವೆಂದು ಹಿಂತಿರುಗಿಸಿದಿರಿ. ಬೆನ್ವಿಂದ ಪ್ರಮಾಣ ಮಾಡಿ ಬರೆದುಕೊಟ್ಟಳು: "ಇವಳನ್ನು ಪೇಪರಿಗಾಗಿ ಬಂದವಳೆಂದು ಊರೆಲ್ಲ ಸಾರಿದವಳು ನಾನೇ. ಈಗ ನನ್ನ ತಮ್ಮನನ್ನು ಮಗುವಿನಂತೆ ತೊಳೆದು ಉಣಿಸುತ್ತಿರುವವಳು ಇವಳೇ." ಸಾಕ್ಷಿ ಹತ್ತಿರದ ಸಂಬಂಧಿ, ಆದ್ದರಿಂದ ಪಕ್ಷಪಾತಿ ಎಂದಿರಿ. ನನ್ನ ಪಕ್ಷಪಾತಿ, ಬೆನ್ವಿಂದ! ಅಂದು ಅವಳೂ ನಾನೂ ಅಡುಗೆಮನೆಯಲ್ಲಿ ಕೂತು ನಕ್ಕೆವು. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ.

ಈಗ ದೇಶ ಬಿಡಿಸುವ ಮೊಕದ್ದಮೆಗೆ ಹಾಜರಾಗಬೇಕೆಂದು ನೋಟೀಸು ಬಂದಿದೆ. ಉಚಿತವಾಗಿ ನಮ್ಮ ಪರ ನಿಂತಿರುವ ವಕೀಲೆ ಸುಳ್ಳು ಹೇಳುವವಳಲ್ಲ. "ಹೊಸದಾಗಿ ಅರ್ಜಿ ಹಾಕಬಹುದು, ಆದರೆ ಹಳೇ ಹೇಳಿಕೆ ಕಡತದಲ್ಲಿ ಇದ್ದೇ ಇರುತ್ತೆ. ಮತ್ತೆ ಅವರನ್ನೇ ಕೇಳ್ತಾರೆ" ಎಂದಳು.

ಹಾಗಾಗಿ ನಾನು ಅವನಿಗೆ ಹೌದು ಕಲಿಸಲು ಹೊರಟೆ, ನಮ್ಮ ಕ್ರಿಯೋಲಿನ "ಸಿಂ". ಹೊಸದಾಗಿ ಶಾಲೆಗೆ ಬಂದ ಮಕ್ಕಳಿಗೆ ಅಕ್ಷರ ಕಲಿಸಿದ ಕೈ ಇದು, ಆಗದೆ ಏನು ಎಂಬ ಸೊಕ್ಕು. ಊಟದ ಮೇಜಿನ ಎದುರು ಬದುರು ಕೂತು, ನನ್ನ ತುಟಿ ನೋಡು, ಹೀಗೆ, ಎನ್ನುತ್ತಿದ್ದೆ. ಅವನು ತುಟಿ ಹೊಂದಿಸುತ್ತಿದ್ದ, ಕತ್ತಿನ ನರ ಉಬ್ಬುತ್ತಿದ್ದವು, "ಸ್... ಸ್..." ಎಂದು ಕೊನೆಗೆ "ನೌ" ಎಂದುಬಿಡುತ್ತಿದ್ದ. ಒಂದು ಬೆಳಿಗ್ಗೆ ಹಾಗೇ ಪ್ರಯತ್ನಿಸುತ್ತ ಪ್ರಯತ್ನಿಸುತ್ತ ಮೇಜಿಗೆ ಹಣೆ ಹಚ್ಚಿ ಅತ್ತ. ನಾಲಿಗೆ ತಪ್ಪಿದ್ದಕ್ಕೆ ನನ್ನ ಕ್ಷಮೆ ಕೇಳುತ್ತಿದ್ದಾನೆಂದು ನನಗೆ ತಿಳಿಯಿತು. ಅಂದೇ ಪಾಠ ನಿಲ್ಲಿಸಿದೆ. ನಿಮ್ಮ ಸಲುವಾಗಿ ನಾನು ಅವನನ್ನು ಅಳಿಸಿದೆ. ಅದಕ್ಕೆ ನಿಮ್ಮನ್ನು ಕ್ಷಮಿಸುವುದು ಕಷ್ಟ, ನನ್ನನ್ನು ಇನ್ನೂ ಕಷ್ಟ.

ಕಳೆದ ಭಾನುವಾರ ಧೈರ್ಯ ಮಾಡಿ ಕೇಳಿದೆ: "ನನ್ನನ್ನ ಕಳಿಸಿಬಿಟ್ರೆ ನೀನೂ ಫೋಗುಗೆ ಬರ್ತೀಯಾ?" ಅಲ್ಲಿ ಅವನ ಕೈಕಾಲಿಗೆ ಚಿಕಿತ್ಸೆಯಿಲ್ಲ, ಔಷಧಿಗೆ ಹಡಗು ಕಾಯಬೇಕು. ಅದು ಅವನಿಗೂ ಗೊತ್ತು. ಮೆತ್ತಗೆ "ನೌ" ಅಂದ. ಇಷ್ಟು ಕಾಲ ಅವನ ಒಂದೊಂದು ನೌವನ್ನೂ ದನಿಯಿಂದಲೇ ಬಿಡಿಸಿ ಓದುತ್ತಿದ್ದವಳಿಗೆ ಅದೊಂದು ಮಾತ್ರ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಲು ಬಾಯಿ ಬರಲಿಲ್ಲ.

ಹೀಗಿರುವಾಗ ನಾನು ನಿಮ್ಮಿಂದ ವಾಸದ ಹಕ್ಕನ್ನು ಕೇಳುತ್ತಿಲ್ಲ. ಕೊಡುವುದಿಲ್ಲವೆಂದು ಗೊತ್ತಿದ್ದೂ ಕೇಳುವುದು ನಮ್ಮಿಬ್ಬರ ಸಮಯಕ್ಕೂ ಅವಮಾನ. ಕೇಳುವುದು ಒಂದೇ: "ಅರ್ಜಿದಾರನು ಈಕೆ ತನ್ನ ಹೆಂಡತಿಯಲ್ಲವೆಂದು ಹೇಳಿದನು" ಎಂಬ ವಾಕ್ಯವನ್ನು ನಿಮ್ಮ ಕಡತದಿಂದ ಹೊಡೆದುಹಾಕಿ. ನನ್ನನ್ನು ತಿರಸ್ಕರಿಸಲು ಬೇರೆ ಯಾವ ಕಾರಣ ಬೇಕಾದರೂ ಬರೆದುಕೊಳ್ಳಿ. ವಯಸ್ಸು, ಬಡತನ, ಫೋಗುವಿನಲ್ಲಿ ಹುಟ್ಟಿದ ತಪ್ಪು, ಯಾವುದಕ್ಕೂ ನನ್ನ ತಕರಾರಿಲ್ಲ. ಊರಿಗೆಲ್ಲ ಮಾತಿನಮಲ್ಲನಾಗಿದ್ದವನ ಬಾಯಿಂದ ಸರ್ಕಾರ ಬರೆದಿಟ್ಟುಕೊಂಡ ಒಂದೇ ಒಂದು ಮಾತು ಅವನು ಆಡದ ಮಾತಾಗಿ ಉಳಿಯಬಾರದು.

ಈ ಪತ್ರವೂ ತಲುಪುತ್ತದೆಂದು ಬಲ್ಲೆ.

ಇಂತಿ,
ನಿಮ್ಮ ಮುಂದಿನ ಆದೇಶದವರೆಗೆ ಅರ್ಮಿಂದು ತವಾರಿಸನ ಮನೆಯಲ್ಲಿರುವ,
ನಿಮ್ಮ ಕಡತವೊಂದನ್ನು ಬಿಟ್ಟರೆ ಮಿಕ್ಕೆಲ್ಲ ಕಡೆ ಅವನ ಹೆಂಡತಿಯಾದ
ಜುಲ್ಮೀರ ತವಾರಿಸ್